ಮಗಳು ಕಾರು ಹತ್ತಿ ಟ್ರ್ಯಾಕಿಗೆ ಹೊರಟರೆ

ಉಪ್ಪಿನಕಾಯಿಗೆ ಬೂಷ್ಟು ಯಾಕೆ ಬರುತ್ತೆ, ಅತ್ತೆಯ ಮಂಡಿನೋವಿಗೆ ಏನು ಮಾಡಲಿ ಎನ್ನುವ ಪತ್ರಗಳ ನಡುವೆ ಈ ಸಲ ಬೇರೆಯೇ ಬಗೆಯ ಪತ್ರವೊಂದು ಬಂದಿದೆ. ತಿಪಟೂರು ಕಡೆಯ ಸೋದರಿಯೊಬ್ಬರದು. ಮಗಳಿಗೆ ಇಪ್ಪತ್ತಾರು, ಬೆಂಗಳೂರಿನಲ್ಲಿ ಕೆಲಸ. ಸಾಲ ತೆಗೆದು ಒಂದು ಹಳೇ ಸ್ವಿಫ್ಟ್ ಕಾರು ಕೊಂಡಿದ್ದಾಳೆ. ಸಾಲಕ್ಕೆ ಅಪ್ಪನ ಸಹಿಯೂ ಇದೆ. ಈಗ ಅದೇ ಕಾರನ್ನು ಮದರಾಸಿನ ಹತ್ತಿರದ ರೇಸ್ ಟ್ರ್ಯಾಕಿಗೆ ತಗೊಂಡು ಹೋಗ್ತೀನಿ ಅಂತಾಳಂತೆ. "ರೇಸಲ್ಲಮ್ಮಾ, ಬರೀ ಓಡಿಸೋದು" ಅಂತ ಸಮಾಧಾನ ಬೇರೆ. ಅಪ್ಪ ಮಾತು ಬಿಟ್ಟಿದ್ದಾರೆ. "ಗಂಡು ನೋಡ್ತಾ ಇರೋ ಹೊತ್ತಿನಲ್ಲಿ ಇದೇನು ಗ್ರಹಚಾರ? ಬೇಡ ಅನ್ನಲೋ, ಸುಮ್ಮನಿರಲೋ?" ಎಂದು ಕೇಳಿದ್ದಾರೆ.

ಮೊದಲಿಗೆ, ಮಗಳು ಹೇಳಿದ್ದು ನಿಜ. ಇದು ಪಂದ್ಯವಲ್ಲ. ಗೆದ್ದವರಿಗೆ ಬಟ್ಟಲಿಲ್ಲ, ಸೋತವರಿಗೆ ಅವಮಾನವಿಲ್ಲ. ಪಂದ್ಯವಿಲ್ಲದ ದಿನ ಟ್ರ್ಯಾಕನ್ನು ಬಾಡಿಗೆಗೆ ಹಿಡಿದು, ಹಣ ಕಟ್ಟಿದವರಿಗೆ ತಮ್ಮ ತಮ್ಮ ಕಾರು ಓಡಿಸಲು ಬಿಡುತ್ತಾರೆ. ದಿನಾ ಆಫೀಸಿಗೆ ಹೋಗುವ ಕಾರೇ ಸಾಕು. ಒಂದು ಸರದಿಗೆ ಸಾಮಾನ್ಯವಾಗಿ ಹದಿನೈದು ಇಪ್ಪತ್ತು ನಿಮಿಷ. ಆಮೇಲೆ ಕಾರೂ ಮನುಷ್ಯರೂ ತಣ್ಣಗಾಗಬೇಕು. ಇವರ ಮಗಳು ಹೊರಟಿರುವುದು ಶ್ರೀಪೆರುಂಬುದೂರಿನ ಬಳಿಯ ಇರುಂಗಾಟ್ಟುಕೋಟ್ಟೈಗೆ ಇರಬೇಕು. 1990ರಲ್ಲಿ ತೆರೆದ ಟ್ರ್ಯಾಕು ಅದು, ಒಂದು ಸುತ್ತು ಸುಮಾರು 3.7 ಕಿ.ಮೀ. ಅದಕ್ಕೂ ಮುಂಚೆ ಮದರಾಸಿನವರು ಷೋಲಾವರದ ಹಳೇ ವಿಮಾನದ ಹಾದಿಯ ಮೇಲೆ ರೇಸು ನಡೆಸುತ್ತಿದ್ದರು. ಕೊಯಮತ್ತೂರಿನ ಹತ್ತಿರ ಚೆಟ್ಟಿಪಾಳ್ಯದಲ್ಲಿ ಇನ್ನೊಂದಿದೆ, 2003ರದ್ದು. ಅದಕ್ಕೆ ಎಸ್. ಕರಿವರ್ಧನ್ ಅವರ ನೆನಪಿನ ಹೆಸರು. ನಮ್ಮ ನಿಮ್ಮ ಮಾರುತಿ 800ರ ಎಂಜಿನ್ನನ್ನೇ ಇಟ್ಟು ರೇಸ್ ಕಾರು ಮಾಡಿದ ಪುಣ್ಯಾತ್ಮ ಆತ.

ಇನ್ನು ಅಪಾಯದ ಮಾತು. ಅಪಾಯ ಇಲ್ಲ ಅಂದರೆ ಸುಳ್ಳಾಗುತ್ತೆ. ಆದರೆ ಒಂದು ಯೋಚನೆ ಮಾಡಿ ನೋಡಿ. ಅಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಓಡಿಸುತ್ತಾರೆ. ಎದುರಿಗೆ ಲಾರಿ ಬರೋದಿಲ್ಲ, ದನ ಅಡ್ಡ ಬರೋದಿಲ್ಲ, ಮೂವರು ಕೂತ ಬೈಕು ರಾಂಗ್ ಸೈಡಿನಲ್ಲಿ ನುಗ್ಗೋದಿಲ್ಲ. ವೇಗದ ಹುಚ್ಚನ್ನು ರಾತ್ರಿ ಹೊತ್ತು ರಿಂಗ್ ರೋಡಿನಲ್ಲಿ ತೀರಿಸಿಕೊಳ್ಳುವ ಮಕ್ಕಳ ಮುಂದೆ ಈ ಹುಡುಗಿ ಎಷ್ಟೋ ವಾಸಿ ಅಂತ ನನಗನ್ನಿಸುತ್ತೆ.

ಭಯಪಡಬೇಕಾದದ್ದು ಬ್ರೇಕಿನ ವಿಷಯಕ್ಕೆ. ವೇಗ ಎರಡು ಪಾಲು ಆದರೆ ನಿಲ್ಲಿಸುವಾಗ ಹುಟ್ಟುವ ಶಾಖ ನಾಲ್ಕು ಪಾಲು. ಪೇಟೆಯಲ್ಲಿ ಒಮ್ಮೆ ಬ್ರೇಕು ಒತ್ತಿದರೆ ಆರಲು ಪುರಸೊತ್ತಿರುತ್ತೆ; ಟ್ರ್ಯಾಕಿನಲ್ಲಿ ತಿರುವಿನ ಮೇಲೆ ತಿರುವು, ದೋಸೆ ಕಾವಲಿ ಒಲೆಯಿಂದ ಇಳಿಯೋದೇ ಇಲ್ಲ ಅನ್ನಿ. ಬ್ರೇಕಿನ ಕೊಳವೆಯಲ್ಲಿರುವ ದ್ರವಕ್ಕೆ ಮೆಕ್ಯಾನಿಕ್ಕುಗಳು ಬ್ರೇಕ್ ಆಯಿಲ್ ಅನ್ನುತ್ತಾರೆ. ಮಳೆಗಾಲದ ಉಪ್ಪಿನ ಹಾಗೆ ಅದಕ್ಕೆ ಗಾಳಿಯ ತೇವ ಹೀರುವ ಗುಣ. ಡಾಟ್ 4 ಎನ್ನುವ ದರ್ಜೆಯದು ಹೊಸದಾಗಿದ್ದಾಗ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಅಂತ ಲೆಕ್ಕ. ನೀರು ಹೀರಿಕೊಂಡ ಮೇಲೆ ಆ ಲೆಕ್ಕ 155ಕ್ಕೆ ಇಳಿಯುತ್ತೆ. ಕುದಿದರೆ ಗುಳ್ಳೆ. ಗುಳ್ಳೆ ಬಂತೋ, ಪೆಡಲು ಹತ್ತಿಯ ದಿಂಬು ತುಳಿದ ಹಾಗೆ ಒಳಕ್ಕೆ ಹೋಗುತ್ತೆ, ಕಾರು ಮಾತ್ರ ನಿಲ್ಲೋದಿಲ್ಲ. ಆದ್ದರಿಂದ ಹೊರಡುವ ಮುಂಚೆ ಬ್ರೇಕ್ ಆಯಿಲ್ ಪೂರ್ತಿ ಬದಲಾಯಿಸಿದೆಯಾ, ಪ್ಯಾಡು ಎಷ್ಟು ಉಳಿದಿದೆ ಅಂತ ಮಗಳನ್ನು ಕೇಳಿ. ಅಮ್ಮನಿಗೆ ಇದೆಲ್ಲ ಹೇಗೆ ಗೊತ್ತು ಅಂತ ಅವಳು ಬೆರಗಾಗಲಿ!

ಎರಡನೆಯದು ದುಡ್ಡಿನ ಮಾತು, ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕಾರಿನ ವಿಮೆಯ ಕಾಗದದಲ್ಲಿ ಯಾವ ಬಳಕೆಗೆ ಈ ವಿಮೆ ಇಲ್ಲ ಎಂದು ಬರೆದಿರುತ್ತೆ. ಸಂಘಟಿತ ರೇಸು, ವೇಗದ ಪರೀಕ್ಷೆ ಆ ಸಾಲಿನಲ್ಲಿವೆ. ಇದು ಪಂದ್ಯವಲ್ಲ ಎಂದು ಆಮೇಲೆ ವಾದಿಸಬಹುದು. ಆದರೆ ಟ್ರ್ಯಾಕಿನಲ್ಲಿ ಜಖಂ ಆದ ಕಾರಿಗೆ ವಿಮೆಯ ಹಣ ಬರುತ್ತೆ ಅಂತ ನೆಚ್ಚಿಕೊಂಡು ಹೋಗೋ ಹಾಗಿಲ್ಲ. ಕಾರು ನುಜ್ಜಾದರೂ ಸಾಲದ ಕಂತು ತಪ್ಪೋದಿಲ್ಲ. ಇದರ ಜೊತೆಗೆ, ಏನಾದರೂ ನಮ್ಮದೇ ಜವಾಬ್ದಾರಿ ಎಂದು ಅಲ್ಲಿ ಸಹಿ ಮಾಡಿಸಿಕೊಳ್ಳುತ್ತಾರೆ. ಅದನ್ನು ಓದಿ ಸಹಿ ಹಾಕಲಿ.

ಸೋದರಿ, ಈ ಪ್ರಶ್ನೆಯನ್ನು ಮಾತ್ರ ನೀವು ಕೇಳಬೇಡಿ. ವಿಮೆಯ ಕಾಗದವನ್ನು ಅವರಪ್ಪನ ಕೈಗೆ ಕೊಡಿ. ಸಾಲಕ್ಕೆ ಸಹಿ ಹಾಕಿದವರು ಅವರು, ಕೇಳುವ ಹಕ್ಕು ಅವರದು. ಕೋಪದಲ್ಲಿ ಮಾತು ಬಿಟ್ಟ ಗಂಡಸರಿಗೆ ಲೆಕ್ಕದ ವಿಷಯ ಕೊಟ್ಟರೆ ಮಾತು ತಾನಾಗಿ ಬರುತ್ತೆ. ಕಾರಿಗೆ ಪೆಟ್ಟಾದರೆ ರಿಪೇರಿಗೆ ಇಷ್ಟು ಹಣ ತೆಗೆದಿಟ್ಟಿದ್ದೇನೆ ಅಂತ ಮಗಳು ತೋರಿಸಿದರೆ ಹೋಗಲಿ. ತೋರಿಸಲಾರದಿದ್ದರೆ ಇನ್ನಾರು ತಿಂಗಳು ಕಾಯಲಿ, ಟ್ರ್ಯಾಕು ಎಲ್ಲಿಗೂ ಓಡಿಹೋಗೋದಿಲ್ಲ.

ಗಂಡಿನ ಕಡೆಯವರ ಬಗ್ಗೆ ನನಗೆ ಅಷ್ಟು ಚಿಂತೆ ಇಲ್ಲ. ಇದಕ್ಕೆ ಮೂಗು ಮುರಿಯುವವರು ನಾಳೆ ಕೆಲಸಕ್ಕೂ ಮುರಿದಾರು. ಈಗಲೇ ಗೊತ್ತಾದರೆ ಒಳ್ಳೆಯದೇ ತಾನೆ? ಜರ್ಮನಿಯ ಸಬೀನಾ ಷ್ಮಿಟ್ಸ್ ಎಂಬಾಕೆಯ ವಿಷಯ ಹೇಳುತ್ತೇನೆ. ಅಪ್ಪ ಅಮ್ಮನದು ಹೋಟೆಲ್ಲು, ನ್ಯೂರ್ಬುರ್ಗ್‌ರಿಂಗ್ ಟ್ರ್ಯಾಕಿನ ಪಕ್ಕದಲ್ಲೇ. ಅಲ್ಲಿಯ ಇಪ್ಪತ್ನಾಲ್ಕು ಗಂಟೆಯ ರೇಸನ್ನು 1996 ಮತ್ತು 1997ರಲ್ಲಿ ಗೆದ್ದ ತಂಡಗಳಲ್ಲಿ ಆಕೆ ಇದ್ದಳು. 2005ರಲ್ಲಿ ಟೀವಿಯವರಿಗಾಗಿ ಸಾಮಾನು ಸಾಗಿಸುವ ವ್ಯಾನೊಂದನ್ನು ಆ 20.8 ಕಿ.ಮೀ. ಸುತ್ತಿನಲ್ಲಿ ಹತ್ತು ನಿಮಿಷದ ಮೇಲೆ ಕೆಲವೇ ಸೆಕೆಂಡಿನಲ್ಲಿ ಓಡಿಸಿ ತೋರಿಸಿದಳು. 2021ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡಳು, ಪಾಪ, ಐವತ್ತೊಂದೇ ವರ್ಷ. ಸಾಧಾರಣ ಗಾಡಿ ಅಂತ ನಾಚಿಕೆ ಬೇಡ ಎನ್ನಲು ಇದನ್ನು ಹೇಳಿದೆ. ಸಣ್ಣ ಎಂಜಿನ್ನಿನ ಕಾರಿನಲ್ಲಿ ತಪ್ಪು ನಿಧಾನವಾಗಿ ನಡೆಯುತ್ತೆ, ತಿದ್ದಿಕೊಳ್ಳಲು ವೇಳೆ ಸಿಗುತ್ತೆ. ಮೊದಲ ಸಲ ತಿಳಿದವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲಿ.

ಹೋಗೋದೇ ಖಚಿತವಾದರೆ ತಯಾರಿಯಲ್ಲಿ ನೀವೂ ಕೈಜೋಡಿಸಬಹುದು. ಮೈತುಂಬ ಹತ್ತಿ ಬಟ್ಟೆ, ಉದ್ದ ತೋಳು. ಬೆಂಕಿ ತಾಗಿದರೆ ನೈಲಾನು ಕರಗಿ ಚರ್ಮಕ್ಕೆ ಅಂಟುತ್ತೆ. ತೆಳು ಅಡಿಯ ಬೂಟು, ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ಟು. ದುಪಟ್ಟ, ಬಳೆ ಬೇಡ. ಕಾರಿನೊಳಗೆ ಉರುಳುವ ವಸ್ತು ಒಂದೂ ಇರಬಾರದು. ನೀರಿನ ಬಾಟಲು ಉರುಳಿ ಪೆಡಲಿನ ಕೆಳಗೆ ಸಿಕ್ಕಿದರೆ ಗತಿ ಏನು? ಕಾಲಡಿಯ ಮ್ಯಾಟು ತೆಗೆದಿಡಿ, ಡ್ಯಾಶ್‌ಬೋರ್ಡಿನ ಗಣಪನನ್ನೂ ಭಕ್ತಿಯಿಂದ ತೆಗೆದು ಬ್ಯಾಗಿನಲ್ಲಿಡಿ. ಚಕ್ರದ ನಟ್ಟು ಬಿಗಿಯಾಗಿರಲಿ. ಟೈರು ಬಿಸಿಯಾದಂತೆ ಗಾಳಿಯ ಒತ್ತಡ ಏರುತ್ತೆ, ಪ್ರತಿ ಸರದಿಯಾದ ಮೇಲೂ ನೋಡಬೇಕು. ಬೆಳಿಗ್ಗೆ ಬಾವುಟಗಳ ಪಾಠ ಇರುತ್ತೆ, ಅದಕ್ಕೆ ತಪ್ಪಿಸಿಕೊಳ್ಳೋದು ಬೇಡ: ಹಳದಿ ಅಂದರೆ ಮುಂದೆ ಅಪಾಯ, ಯಾರನ್ನೂ ದಾಟಬೇಡ, ಕೆಂಪು ಅಂದರೆ ಓಟ ಬಂದ್, ನಿಧಾನವಾಗಿ ಒಳಕ್ಕೆ ಬಾ, ನೀಲಿ ಅಂದರೆ ಹಿಂದೆ ವೇಗದ ಕಾರು ಬರ್ತಾ ಇದೆ. ಪ್ರತಿ ಸರದಿಯ ಕೊನೆಯ ಸುತ್ತನ್ನು ಮೆಲ್ಲಗೆ ಹಾಕಿ ಬ್ರೇಕು ಆರಿಸಲಿ. ನಿಲ್ಲಿಸಿದ ಕೂಡಲೇ ಹ್ಯಾಂಡ್‌ಬ್ರೇಕ್ ಎಳೆಯದೆ, ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಲಿ.

ಬುತ್ತಿಗೆ ಮೊಸರನ್ನವೇ ಸರಿ, ಅಲ್ಲಿಯ ಸೆಕೆಗೆ ಕರಿದದ್ದು ಬೇಡ. ಮಜ್ಜಿಗೆಗೆ ಉಪ್ಪು ಸ್ವಲ್ಪ ಮುಂದಾಗಿ ಹಾಕಿ. ಟ್ರ್ಯಾಕು ಬೆಂಗಳೂರಿನಿಂದ ಸುಮಾರು 300 ಕಿ.ಮೀ. ದೂರ. ದಿನವಿಡೀ ಓಡಿಸಿದ ಕಣ್ಣಿಗೆ ಹೆದ್ದಾರಿಯ ಎಂಬತ್ತು ಆಮೆಯ ನಡಿಗೆ ಹಾಗೆ ಕಾಣುತ್ತಂತೆ. ಅವತ್ತೇ ರಾತ್ರಿ ಹೊರಡೋದು ಬೇಡ, ಅಲ್ಲೇ ಎಲ್ಲಾದರೂ ತಂಗಿ, ಬೆಳಿಗ್ಗೆ ಬ್ರೇಕು ಟೈರು ನೋಡಿಕೊಂಡು ಬರಲಿ. ಆದರೆ ನೀವೂ ಜೊತೆಗೆ ಹೋಗಿ, ವಾಪಸು ಬಂದ ಮೇಲೆ ಹೇಗಿತ್ತು ಅಂತ ನನಗೊಂದು ಕಾಗದ ಹಾಕಿ.