ನಕ್ಷತ್ರದ ಚೀಟಿ, ಶರಾವತಿಯ ನೀರು

ನಗರದ ಕಚೇರಿಗಳು 'ಎನರ್ಜಿ ಸ್ಟಾರ್' ಚೀಟಿ ನೋಡಿ ಕಂಪ್ಯೂಟರ್ ಕೊಳ್ಳುತ್ತವೆ; ಅಷ್ಟಕ್ಕೇ ಪರಿಸರದ ಋಣ ತೀರಿತೆಂದು ನೆಮ್ಮದಿಗೊಳ್ಳುತ್ತವೆ. ಸಂಜೆ ನೌಕರರು ಮನೆಗೆ ಹೊರಟ ಮೇಲೂ ಎಷ್ಟೋ ಯಂತ್ರಗಳು ರಾತ್ರಿಯಿಡೀ ಉರಿಯುತ್ತಿರುತ್ತವೆ.

ಈ ಚೀಟಿಯನ್ನು 1992ರಲ್ಲಿ ಹುಟ್ಟುಹಾಕಿದ್ದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ. ಅದು ಮೊದಲು ಅಂಟಿದ್ದೇ ಕಂಪ್ಯೂಟರು, ಮಾನಿಟರುಗಳಿಗೆ. ಬಳಕೆಯಿಲ್ಲದಾಗ ಯಂತ್ರ ತಾನಾಗಿ ನಿದ್ರಾಸ್ಥಿತಿಗೆ ಜಾರಬೇಕೆಂಬ ಅದರ ಆಶಯ ಒಳ್ಳೆಯದೇ. ಆದರೆ ಆ ವ್ಯವಸ್ಥೆಯನ್ನು ಕಚೇರಿಯೇ ತೆಗೆದುಹಾಕಿದರೆ ಚೀಟಿ ತಡೆಯಲಾರದು. ಪರದೆಯ ಮೇಲೆ ಮೀನು ಈಜಾಡುವ ಸ್ಕ್ರೀನ್‌ಸೇವರ್ ಕೂಡ ವಿದ್ಯುತ್ತನ್ನು ಉಳಿಸದು. ಬಿತ್ತನೆ ಬೀಜದ ಚೀಲದ ಮೇಲಿನ ಚೀಟಿ ಮೊಳಕೆಯ ಪ್ರಮಾಣವನ್ನು ಹೇಳೀತು. ಗದ್ದೆಯ ಕಳೆ ಕೀಳದು.

ಚೀಟಿ ಕೊಡುವವರೂ ಎಚ್ಚರದಿಂದಿರಲಿಲ್ಲ. 2010ರಲ್ಲಿ ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧಕರು ಅಸ್ತಿತ್ವದಲ್ಲೇ ಇಲ್ಲದ 20 ಸರಕುಗಳಿಗೆ ಅರ್ಜಿ ಹಾಕಿದರು. 15ಕ್ಕೆ ಮಾನ್ಯತೆ ದೊರೆಯಿತು. ಪೆಟ್ರೋಲಿನಿಂದ ನಡೆಯುವ ಅಲಾರಂ ಗಡಿಯಾರವೂ ಅವುಗಳಲ್ಲೊಂದು! ಆ ಬಳಿಕವೇ, 2011ರಿಂದ, ಮೂರನೆಯವರ ಪ್ರಮಾಣೀಕರಣ ಕಡ್ಡಾಯವಾಯಿತು. ಭಾರತದಲ್ಲಿ 1991ರಲ್ಲೇ ಮಣ್ಣಿನ ಮಡಕೆಯ ಗುರುತಿನ 'ಇಕೋಮಾರ್ಕ್' ಬಂದಿತು. ಉದ್ಯಮಗಳು ಅದರತ್ತ ತಿರುಗಿ ನೋಡಿದ್ದು ಅಪರೂಪ. 2024ರಲ್ಲಿ ಹೊಸ ನಿಯಮಗಳನ್ನೇ ಹೊರಡಿಸಬೇಕಾಯಿತು.

ಸುಮ್ಮನೆ ಉರಿಯುವ ಒಂದು ಕಂಪ್ಯೂಟರ್ ಪರದೆಸಮೇತ 60 ವ್ಯಾಟ್ ಎಳೆಯುತ್ತದೆಂದು ಇಟ್ಟುಕೊಂಡರೆ, 14 ಗಂಟೆಗಳಲ್ಲಿ 840 ವ್ಯಾಟ್-ಗಂಟೆ ವ್ಯಯವಾಗುತ್ತದೆ. 500 ಯಂತ್ರಗಳ ಕಚೇರಿಯಲ್ಲಿ ಅದು ಒಂದೇ ರಾತ್ರಿಗೆ 420 ಯೂನಿಟ್. ಯಾರ ಕೆಲಸಕ್ಕೂ ಬಾರದ ಯೂನಿಟ್‌ಗಳಿವು.

ಈ ವಿದ್ಯುತ್ತಿನ ಬೆಲೆಯನ್ನು ಮಲೆನಾಡು ಮೊದಲೇ ತೆತ್ತಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿ ಕೊಳ್ಳದ ಊರು, ತೋಟ, ಗದ್ದೆಗಳು ಮುಳುಗಿದವು. ಎತ್ತಂಗಡಿಯಾದ ಕುಟುಂಬಗಳು ಭೂಮಿಯ ಹಕ್ಕಿಗಾಗಿ ದಶಕಗಳ ಕಾಲ ಅಲೆದವು. ಅದೇ ಕಣಿವೆಯಲ್ಲಿ, ಸಿಂಗಳೀಕಗಳ ಕಾಡಿನಲ್ಲಿ, 2000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್ ಯೋಜನೆಯನ್ನೂ ರೂಪಿಸಲಾಗಿದೆ. ನಗರದ ಬೇಡಿಕೆಯ ಹೆಸರಿನಲ್ಲಿ ಕಾಡು ಕೇಳುವವರು ಮೊದಲು ಪೋಲಿನ ಲೆಕ್ಕ ಒಪ್ಪಿಸಬೇಕು.

ಸರ್ಕಾರಿ ಖರೀದಿಯಲ್ಲಿ ಚೀಟಿಯ ಜೊತೆಗೆ ನಿದ್ರಾವ್ಯವಸ್ಥೆಯ ಬಳಕೆಯೂ ಕಡ್ಡಾಯವಾಗಲಿ. ಪ್ರತಿ ಕಚೇರಿಯೂ ರಾತ್ರಿಯ ಬಳಕೆಯನ್ನು ಪ್ರಕಟಿಸಲಿ. ಮಲೆನಾಡಿನ ವಿದ್ಯಾರ್ಥಿಗಳು ತಮ್ಮ ಕಾಲೇಜಿನಿಂದಲೇ ಆರಂಭಿಸಲಿ: ಸಂಜೆ ಬೀಗ ಹಾಕುವಾಗ ಒಮ್ಮೆ, ಬೆಳಿಗ್ಗೆ ತೆರೆಯುವಾಗ ಒಮ್ಮೆ ಮೀಟರ್ ಓದಿ, ಎರಡರ ವ್ಯತ್ಯಾಸವನ್ನು ಸೂಚನಾ ಫಲಕದಲ್ಲಿ ಬರೆಯಲಿ. ಚೀಟಿ ಮುಚ್ಚಿಟ್ಟದ್ದನ್ನು ಆ ಒಂದು ಅಂಕಿ ಬಯಲಿಗೆಳೆಯುತ್ತದೆ.