ಸಂಡೂರಿನ ತೇಗಕ್ಕೆ ಗಿರಾಕಿ ಯಾರು?

ಬಳ್ಳಾರಿ ಜಿಲ್ಲೆಯ ಸಂಡೂರಿನ ಗಣಿ ಪಾಳುನೆಲದಲ್ಲಿ ತೇಗ ಬೆಳೆಸಿ ಹೊರದೇಶಕ್ಕೆ ಮಾರಿದರೆ ಹೊಸ ಅದಿರು ಸಿಕ್ಕಂತೆ ಎಂಬ ಅಂಕಣಕಾರರೊಬ್ಬರ ವಾದ ಕೇಳಲು ಚೆಂದ. ಲೆಕ್ಕ ಮಾತ್ರ ತಲೆಕೆಳಗು. ತೇಗದ ಸಂತೆಯಲ್ಲಿ ಭಾರತ ಮುಖ್ಯವಾಗಿ ಕೊಳ್ಳುವ ದೇಶ. ಮ್ಯಾನ್ಮಾರ್ ದಿಮ್ಮಿಗಳಿಗೆ ದೊಡ್ಡ ಗಿರಾಕಿ ನಾವೇ ಆಗಿದ್ದೆವು. 2014ರ ಏಪ್ರಿಲ್‌ನಲ್ಲಿ ಅದು ದಿಮ್ಮಿ ರಫ್ತು ನಿಲ್ಲಿಸಿದಾಗ ವ್ಯಾಪಾರಿಗಳು ಆಫ್ರಿಕಾ, ಲ್ಯಾಟಿನ್ ಅಮೆರಿಕದ ತೋಟಗಳತ್ತ ತಿರುಗಿದರು.

ಬೇಡಿಕೆ ಹುಟ್ಟಿಸುವುದು ಕಟ್ಟಡಗಳ ಭರಾಟೆ. ಸಂಡೂರಿಗೆ ಇದು ಗೊತ್ತಿಲ್ಲವೇ? ಬೀಜಿಂಗ್ ಒಲಿಂಪಿಕ್ಸ್‌ಗೆ ಮುಂಚೆ ಚೀನಾ ಕಟ್ಟುತ್ತಿದ್ದಾಗ ಇಲ್ಲಿನ ಕಬ್ಬಿಣದ ಅದಿರಿಗೆ ಬೆಲೆ ಏರಿತು. 2010ರಲ್ಲಿ ರಾಜ್ಯ ಅದಿರಿನ ರಫ್ತು ತಡೆಯಿತು, ಮರುವರ್ಷ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನೇ ನಿಲ್ಲಿಸಿತು. ತೇಗ ಬಲಿಯಲು ಎರಡು ದಶಕಕ್ಕೂ ಹೆಚ್ಚು ಬೇಕು. ಅಷ್ಟರಲ್ಲಿ ಯಾರು ಏನು ಕಟ್ಟುತ್ತಿರುತ್ತಾರೋ!

ಇನ್ನು ಇದೇ ತಾಲ್ಲೂಕಿನ ದೇವದಾರಿ ಗಣಿಗೆ ಸುಮಾರು 99 ಸಾವಿರ ಮರ ಕಡಿಯಬೇಕೆಂಬ ಲೆಕ್ಕವಿದೆ. ಅಂಕಣದಲ್ಲಿ ಅದರ ಸುದ್ದಿಯೇ ಇಲ್ಲ.