ನೆಟ್ಟ ಲೆಕ್ಕವಲ್ಲ, ಉಳಿದ ಲೆಕ್ಕ ಬೇಕು

ಕೇಂದ್ರ ಸರ್ಕಾರವು 2024ರ ಡಿಸೆಂಬರ್‌ನಲ್ಲಿ ಬಿಡುಗಡೆ ಮಾಡಿದ ಭಾರತ ಅರಣ್ಯ ಸ್ಥಿತಿ ವರದಿಯಂತೆ ದೇಶದ ಶೇ. 25.17ರಷ್ಟು ಭೂಭಾಗ ಅರಣ್ಯ ಹಾಗೂ ಮರಗಳ ಹೊದಿಕೆಯನ್ನು ಹೊಂದಿದೆ. ಮೂರನೆಯ ಒಂದು ಭಾಗ ಹಸಿರಾಗಿರಬೇಕೆಂದು 1952ರ ಅರಣ್ಯ ನೀತಿ ಹೇಳಿತ್ತು. 1988ರ ನೀತಿ ಅದನ್ನೇ ಪುನರುಚ್ಚರಿಸಿತು. ಕೆ.ಎಂ. ಮುನ್ಷಿಯವರು 1950ರಲ್ಲಿ ಆರಂಭಿಸಿದ ವನಮಹೋತ್ಸವ ಏಳು ದಶಕಗಳನ್ನು ದಾಟಿದೆ. ಆದರೂ ಗುರಿ ದೂರವೇ ಉಳಿದಿರುವುದೇಕೆ?

ಮೊದಲು ಲೆಕ್ಕದ ಕ್ರಮವನ್ನು ಅರಿಯಬೇಕು. ಒಂದು ಹೆಕ್ಟೇರ್ ಅಥವಾ ಅದಕ್ಕಿಂತ ಹೆಚ್ಚಿನ ನೆಲದಲ್ಲಿ ಮರಗಳ ನೆರಳು ಶೇ. 10ರಷ್ಟಿದ್ದರೆ ಅದನ್ನು ಅರಣ್ಯ ಹೊದಿಕೆಯೆಂದು ವರದಿ ಪರಿಗಣಿಸುತ್ತದೆ. ಜಮೀನು ಯಾರದು, ಮರ ಯಾವ ಜಾತಿಯದು ಎಂಬುದು ಅಲ್ಲಿ ಮುಖ್ಯವಲ್ಲ. ಹೀಗಾಗಿ ಸಹಜ ಕಾಡೂ ನೀಲಗಿರಿ ತೋಪೂ ಒಂದೇ ಮೊತ್ತದಲ್ಲಿ ಸೇರುತ್ತವೆ. ಒಂದು ಕಾಲದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಕೋಲಾರದಂತಹ ಬಯಲುಸೀಮೆಯಲ್ಲಿ ನೀಲಗಿರಿಯನ್ನು ಬೆಳೆಸಲಾಯಿತು. ಅಂತರ್ಜಲದ ಚಿಂತೆ ಹೆಚ್ಚಿದ ಮೇಲೆ, 2017ರಲ್ಲಿ ರಾಜ್ಯ ಸರ್ಕಾರವೇ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಬೇಕಾಯಿತು.

ಎರಡನೆಯದು ಪರಿಹಾರದ ಪ್ರಶ್ನೆ. ಯೋಜನೆಗಳಿಗಾಗಿ ಅರಣ್ಯಭೂಮಿಯನ್ನು ಬಿಟ್ಟುಕೊಟ್ಟಾಗ ಬೇರೆಡೆ ಗಿಡ ಬೆಳೆಸಲು ಹಣ ಕಟ್ಟಿಸಿಕೊಳ್ಳಲಾಗುತ್ತದೆ. ಆ ನಿಧಿಯ ನಿರ್ವಹಣೆಗೆ 2016ರ ಪರಿಹಾರಾತ್ಮಕ ಅರಣ್ಯೀಕರಣ ನಿಧಿ ಕಾಯ್ದೆಯಿದೆ. ಹಣದಿಂದ ಸಸಿ ದೊರೆಯುತ್ತದೆ. ಮಳೆನೀರನ್ನು ಹಿಡಿದಿಡುವ ಹಳೆಯ ಕಾಡಿನ ಮಣ್ಣು ಮಾತ್ರ ಹಣಕ್ಕೆ ಬಾರದು. ಆದುದರಿಂದ ಇರುವ ಕಾಡನ್ನು ಉಳಿಸುವುದು ಮೊದಲ ಕರ್ತವ್ಯ, ನೆಡುವುದು ಎರಡನೆಯದು.

ಇದನ್ನು ಸರ್ಕಾರಕ್ಕೆ ಹೇಳುವ ಮುನ್ನ ನಾವು ನಮ್ಮನ್ನೇ ನೋಡಿಕೊಳ್ಳಬೇಕು. ಪರಿಸರ ದಿನದಂದು ಮಠದ ಆವರಣದಲ್ಲಿ ಭಾವಚಿತ್ರ ತೆಗೆಸಿಕೊಂಡು ನಾವು ನೆಟ್ಟ ಸಸಿಗಳಲ್ಲಿ ಎಷ್ಟೋ ಮುಂದಿನ ಬೇಸಿಗೆಯನ್ನು ಕಾಣಲಿಲ್ಲ. ಸಾಲುಮರದ ತಿಮ್ಮಕ್ಕನವರು ಪತಿಯೊಡನೆ ಹುಲಿಕಲ್–ಕುದೂರು ರಸ್ತೆಯಲ್ಲಿ ಆಲದ ಸಸಿಗಳನ್ನು ನೆಟ್ಟು ಹಿಂದಿರುಗಲಿಲ್ಲ. ಕೊಡಗಳಲ್ಲಿ ನೀರು ಹೊತ್ತರು, ದನಕರು ಮೇಯದಂತೆ ಮುಳ್ಳಿನ ಬೇಲಿ ಕಟ್ಟಿದರು. ನೆಡುವುದು ಒಂದು ದಿನದ ಕಾರ್ಯಕ್ರಮ, ಸಾಕುವುದು ಕಾಯಕ.

ಸರ್ಕಾರವು ನೆಟ್ಟ ಸಸಿಗಳ ಸಂಖ್ಯೆಯೊಡನೆ ಮೂರು ವರ್ಷಗಳ ಬಳಿಕ ಬದುಕುಳಿದವುಗಳ ಸಂಖ್ಯೆಯನ್ನೂ ಊರುವಾರು ಪ್ರಕಟಿಸಲಿ. ಭಕ್ತರಾದ ನಾವು ಈ ಮಳೆಗಾಲದಲ್ಲಿ ಮನೆಗೊಂದರಂತೆ ಹೊಂಗೆ, ಬೇವು, ಅತ್ತಿ, ನೇರಳೆ ಮುಂತಾದ ನೆಲದ ಗಿಡಗಳನ್ನು ನೆಟ್ಟು, ಮೂರು ಬೇಸಿಗೆ ನೀರೆರೆಯೋಣ. ಉಳಿದುದನ್ನು ಮಾತ್ರ ಎಣಿಸೋಣ.